ಸೊನ್ನೆ ತಗೊಳ್ಳದ ಕಾಲಂ

'ನೆಡುವ ಸಸಿಗಳ ಸಂಖ್ಯೆ' ಅಂತ ಒಂದು ಕಾಲಂ. ಪಕ್ಕದಲ್ಲಿ ಕೆಂಪು ಚುಕ್ಕಿ. ಸೊನ್ನೆ ಹಾಕಿದೆ. 'ಸರಿಯಾದ ಸಂಖ್ಯೆ ನಮೂದಿಸಿ' ಅಂತು. ಖಾಲಿ ಬಿಟ್ಟೆ. ಅದಕ್ಕೂ ಒಪ್ಪಲಿಲ್ಲ.

ಆಗ ಸಂಜೆ 5.38. ಒಂದು ಕಂಪನಿಯ ಅನುದಾನಕ್ಕೆ ಅರ್ಜಿ ಹಾಕುವ ಪೋರ್ಟಲ್ ಅದು, 6ಕ್ಕೆ ಬಂದ್.

ನಾನು ಬಾಗಲಕೋಟೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಪ್ರಪೋಸಲ್ ಬರೆಯುವವನು. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿ ಬಂದ ಮೇಲೆ ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ಹಣದಲ್ಲಿ ನಮ್ಮಂಥವರಿಗೆ ಪಾಲು ಕೊಡುವ ಹಾಗಿಲ್ಲ. ಉಳಿದಿದ್ದು ಸಿಎಸ್‌ಆರ್ ಬಾಗಿಲು. ಅಂದರೆ ದೊಡ್ಡ ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕಾದ ಹಣ. ಆ ಬಾಗಿಲು ತೆರೆಯುವುದು ಯಾವಾಗ? ಮಾರ್ಚ್ 31 ಹತ್ತಿರ ಬಂದು, ಲಾಭದ 2% ಇನ್ನೂ ಖರ್ಚಾಗಿಲ್ಲ ಅಂತ ಕಂಪನಿಗಳಿಗೆ ನೆನಪಾದಾಗ. ಆಮೇಲೆ ಎಂಟು ದಿನದಲ್ಲಿ ಎಲ್ಲ ಕೊಡಿ ಅಂತಾರೆ. ತೆರಿಗೆ ವಿನಾಯಿತಿಯ 12ಎ, 80ಜಿ, ನೋಂದಣಿಯ ಸಿಎಸ್‌ಆರ್-1, ದರ್ಪಣ್ ನಂಬರ್, ಮೂರು ವರ್ಷದ ಆಡಿಟ್. ಒಂದೊಂದು ಪಿಡಿಎಫ್ 2 ಎಂಬಿ ಒಳಗೇ ಇರಬೇಕು. ಆ ದಿನ ಮಧ್ಯಾಹ್ನವೆಲ್ಲ ಆಡಿಟ್ ರಿಪೋರ್ಟು ಸಣ್ಣ ಮಾಡುವುದರಲ್ಲೇ ಹೋಯ್ತು. ಹಾಗಾಗಿ ಈ ಕಾಲಂ ಕಣ್ಣಿಗೆ ಬಿದ್ದಿದ್ದೇ ಕೊನೆಗೆ.

ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಗಿಡವೂ ಇರಲಿಲ್ಲ. ಬೇಕಂತಲೇ ಇರಲಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ (ಬಯಲಲ್ಲಿ ಬದುಕುವ ಒಂದು ಜಾತಿಯ ಹುಲ್ಲೆ) ಧಾಮ ಇದೆಯಲ್ಲ, 2016ರಲ್ಲಿ ಘೋಷಣೆಯಾದದ್ದು, ಸುಮಾರು 96 ಚದರ ಕಿಲೋಮೀಟರ್. ಒಳಗಿನದನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಆದರೆ ಚಿಂಕಾರಕ್ಕೆ ಗಡಿಕಲ್ಲು ಓದೋಕೆ ಬರುತ್ತಾ? ಹೊರಗಿನ ಗೋಮಾಳಕ್ಕೂ ಬರುತ್ತದೆ. ಆ ಗೋಮಾಳದ 40 ಹೆಕ್ಟೇರಿನಲ್ಲಿ ಹುಲ್ಲಿನ ಜಾಗಕ್ಕೆ ಹಬ್ಬುವ ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕೀಳುವುದು, ಅಲ್ಲಿನದೇ ಹುಲ್ಲಿನ ಬೀಜ ಚೆಲ್ಲುವುದು, ಎರಡು ಮಳೆಗಾಲ ಸರದಿ ಮೇಲೆ ಕುರಿ ಮೇಯಿಸುವುದು. ಇಷ್ಟೇ ಕೆಲಸ, 18 ಲಕ್ಷ. ಇಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಕಷ್ಟ. ಚಿಂಕಾರ ದಿನಗಟ್ಟಲೆ ನೀರು ಕುಡಿಯದೆ, ಎಲೆಯ ಪಸೆಯಲ್ಲೇ ಕಾಲ ಹಾಕುವ ಪ್ರಾಣಿ. ಅದಕ್ಕೆ ಬೇಕಾದದ್ದು ಬಯಲು. ಸರ್ಕಾರದ ನಕ್ಷೆಯಲ್ಲಿ ಇಂಥ ನೆಲಕ್ಕೆ ಪಾಳುಭೂಮಿ ಅಂತ ಹೆಸರು. ದುಡ್ಡು ಕೊಡುವವರ ಕಣ್ಣಿಗೂ ಅಷ್ಟೇ: ಖಾಲಿ ಜಾಗ, ಗಿಡ ನೆಡಬಹುದು.

5.44ಕ್ಕೆ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಹಾಡು ಕೇಳಿಸಿದರು. 5.49ಕ್ಕೆ ಕರೆಂಟ್ ಹೋಯ್ತು. ಯುಪಿಎಸ್ ಕುಂಯ್ ಕುಂಯ್ ಅಂತಿತ್ತು. ನೆಟ್ಟಿಗೆ ಮೊಬೈಲ್ ಹಚ್ಚಿದೆ. 5.52ಕ್ಕೆ ನಮ್ಮ ಡೈರೆಕ್ಟರ್ ಫೋನು. "ಆತೇನು?" ವಿಷಯ ಹೇಳಿದೆ. "ಏನರ ಒಂದ್ ನಂಬರ್ ಹಾಕಿ ಒಗಿ ಮಾರಾಯಾ, ಅದನ್ನ ಯಾರ್ ಓದ್ತಾರ?"

(ಈ ಮಾತು ಅವರಿಗೆ ಈಗ ನೆನಪಿಲ್ಲ.)

ನನಗೂ ಹಾಗೇ ಅನಿಸಿತ್ತು ಅನ್ನುವುದು ನಿಜ. ನನ್ನ ಹನ್ನೆರಡು ಪುಟದ ವಿವರಣೆ ಇದೆ, ಓದುವವರು ಅದನ್ನ ಓದ್ತಾರೆ, ಈ ಕಾಲಂ ಬರೀ ಗೇಟು ಅಂದುಕೊಂಡೆ. 5000 ಒತ್ತಿದೆ. ಗೇಟು ತೆರೆಯಿತು. 5.56ಕ್ಕೆ ಸಬ್‌ಮಿಟ್. ಚಹಾ ತರಿಸಿದೆವು.

ಎರಡು ವಾರಕ್ಕೆ ಶಾರ್ಟ್‌ಲಿಸ್ಟ್ ಆಯ್ತು. ಕಂಪನಿಯಿಂದ ಇಬ್ಬರು ಸೈಟ್ ವಿಸಿಟ್‌ಗೆ ಬಂದರು. ಒಬ್ಬ ಮೇಡಂ ಕೈಯಲ್ಲಿ ನಮ್ಮ ಪ್ರಪೋಸಲ್ಲಿನ ಒಂದೇ ಹಾಳೆ. ಅದರಲ್ಲಿ ಸಂಸ್ಥೆಯ ಹೆಸರು, ಜಿಲ್ಲೆ, ಬಜೆಟ್, ಸಸಿಗಳ ಸಂಖ್ಯೆ. ನನ್ನ ಹನ್ನೆರಡು ಪುಟ ಅದರಲ್ಲಿ ಇರಲೇ ಇಲ್ಲ. ಜೊತೆಗಿದ್ದ ಹುಡುಗ ಗಾಡಿಯಿಂದ ಒಂದು ಬ್ಯಾನರ್ ಇಳಿಸಿ ಬಿಚ್ಚಿದ. ಹಸಿರು ಅಕ್ಷರದಲ್ಲಿ 'ಐದು ಸಾವಿರ ಗಿಡ, ಐದು ಸಾವಿರ ಉಸಿರು'.

ಊರಿನ ಕುರಿಗಾರರು ಏಳೆಂಟು ಜನ ನಿಂತಿದ್ದರು. ಜನವರಿಯಲ್ಲಿ ಅವರನ್ನೇ ಗುಡಿಕಟ್ಟೆ ಮೇಲೆ ಕೂರಿಸಿಕೊಂಡು, ಗಿಡ ನೆಡಲ್ಲ, ಬೇಲಿ ಹಾಕಲ್ಲ ಅಂತ ಮಾತು ಕೊಟ್ಟವನು ನಾನೇ. ಅವರಲ್ಲಿ ಹಿರಿಯರೊಬ್ಬರು ಬ್ಯಾನರನ್ನು ಮೊಮ್ಮಗನ ಕೈಲಿ ಓದಿಸಿಕೊಂಡರು. ಕಂಬಳಿ ಹೆಗಲು ಬದಲಿಸಿದರು. ಮೇಡಂ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದರು.

"ಅವತ್ತ ಹುಲ್ಲ ಅಂದಿದ್ರಿ."

ನಾನು ಸುಮ್ನೆ ನಿಂತೆ.

"ಚಿಗರಿ ಗಿಡದಾಗ ನಿಂದ್ರೂದಿಲ್ರಿ. ಅದಕ್ಕ ದೂರದ್ದು ಕಾಣಬೇಕು. ನಮ್ಮ ಕುರಿಗೂ ಅಷ್ಟ."

ನನ್ನ ಹನ್ನೆರಡು ಪುಟದ ಸಾರ ಅದೇ, ಅವರು ಮೂರು ಮಾತಲ್ಲಿ ಮುಗಿಸಿದರು. ಮೇಡಂ ಕೆಟ್ಟವರಲ್ಲ. ಶಾಂತವಾಗಿ ಕೇಳಿದರು: "ಹಾಗಾದರೆ ಈ 5000 ಎಲ್ಲಿಗೆ? ಗುಂಡಿ, ಟ್ರೀ ಗಾರ್ಡ್, ನೀರಿನ ಟ್ಯಾಂಕರ್ ಬಜೆಟ್‌ನಲ್ಲಿ ಎಲ್ಲೂ ಇಲ್ವಲ್ಲ?" ಪೋರ್ಟಲ್ ಸೊನ್ನೆ ತಗೊಳ್ಳಲ್ಲ ಅಂದೆ. ಆ ಬಿಸಿಲಲ್ಲಿ, ಅಷ್ಟು ಜನರ ಮುಂದೆ, ನನ್ನ ಕಿವಿಗೇ ಅದು ಕಳ್ಳನ ನೆವದ ಹಾಗೆ ಕೇಳಿಸಿತು. ಹುಡುಗ ಬ್ಯಾನರ್ ಸುತ್ತಿ ಗಾಡಿಯಲ್ಲಿಟ್ಟ.

ರಿಜೆಕ್ಟ್ ಆಯ್ತು. ಕಾರಣ: ಗುರಿಗೂ ಬಜೆಟ್‌ಗೂ ತಾಳೆ ಇಲ್ಲ. ತಕರಾರು ಮಾಡೋಕೆ ಬಾಯಿಲ್ಲ, ಯಾಕಂದ್ರೆ ನಿಜವಾಗಿ ತಾಳೆ ಇರಲಿಲ್ಲ. ಆ ಊರಿಗೆ ಮತ್ತೆ ಕಾಲಿಡೋಕೆ ನನಗೆ ಮಳೆಗಾಲ ಮುಗಿಯಬೇಕಾಯ್ತು. ಹೋದಾಗ ಹಿರಿಯರು ಚಹಾ ಕೊಟ್ಟರು, ಗಿಡದ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಹಗುರಾಗುತ್ತಿತ್ತು.

ಈ ವರ್ಷ ಅದೇ ಪೋರ್ಟಲ್, ಅದೇ ಕಾಲಂ, ಅದೇ ಕೆಂಪು ಚುಕ್ಕಿ. ಈ ಸಲ ಮೊದಲ ದಿನವೇ ಫಾರ್ಮನ್ನು ಕೊನೆ ತನಕ ಓದಿದೆ. ಎಲ್ಲಕ್ಕಿಂತ ಮೊದಲು ಹೆಲ್ಪ್‌ಡೆಸ್ಕ್‌ಗೆ ಮೇಲ್ ಹಾಕಿದೆ, ಹುಲ್ಲುಗಾವಲಿನ ಕೆಲಸಕ್ಕೆ ಇಲ್ಲಿ ಏನು ತುಂಬಬೇಕು ಅಂತ. ಮೂರನೇ ದಿನ ಉತ್ತರ: 'ಕನಿಷ್ಠ 1 ನಮೂದಿಸಿ.'

ಹಿರಿಯರಿಗೆ ಫೋನ್ ಮಾಡಿ ಕೇಳಿದೆ, ಒಂದೇ ಒಂದು ಗಿಡ ಹಚ್ಚುವುದಾದರೆ ಎಲ್ಲಿ? ನಕ್ಕರು. ಕುರಿಗೆ ನೀರು ಕುಡಿಸುವ ತೊಟ್ಟಿ ಹತ್ತಿರ ಒಂದು ಬೇವು ಇರಲಿ ಅಂದರು, ಕೂಡಾಕ ನೆರಳಾಗತೈತಿ. 1 ಅಂತ ಹಾಕಿದೆ. ಬಜೆಟ್‌ನಲ್ಲೂ ಒಂದು ಸಾಲು ಸೇರಿಸಿದೆ: ಬೇವಿನ ಸಸಿ 1, ಟ್ರೀ ಗಾರ್ಡ್ 1.

ನಮ್ಮ ಅಕೌಂಟೆಂಟ್ ಅದನ್ನು ನೋಡಿ, ಟ್ರೀ ಗಾರ್ಡ್‌ಗೆ ಮೂರು ಕೊಟೇಶನ್ ತರಿಸು ಅಂತ ಕೂತಿದ್ದಾರೆ.