ಪಂಚಗಣಿ ನೋಡೋದಾದ್ರೆ ಜುಲೈಯಲ್ಲಿ ನೋಡಿ

ಕೆಲಸ ಬಿಟ್ಟ ಮೇಲೆ ಬೆಟ್ಟದ ಮೇಲೆ ಹೋಗಿ ಇರೋಣ ಅನ್ನುವುದು ನಮ್ಮ ಮನೆಯವರ ಹಳೇ ಹುಚ್ಚು. ಇವರು ವಿಜಯಪುರದವರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಹಬ್ಬ ಮಾಡುವ ಸೀಮೆ. ಒಂದಿಷ್ಟು ಮಂಜು ಕಂಡರೂ ಸಾಕು, ಕಾರು ನಿಲ್ಲಿಸಿ ಇಳಿದುಬಿಡುತ್ತಾರೆ. ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಆಗುಂಬೆಯಲ್ಲಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಮಂಜು ಅಂದರೆ ನನಗೆ ನೆನಪಾಗುವುದು ಬಚ್ಚಲ ಒಲೆಯ ಮೇಲೆ ನೇತು ಹಾಕಿದ ಒಣಗದ ಲಂಗ, ಅದರ ಹೊಗೆ ವಾಸನೆ. ಆ ಮಳೆ ಬಿಟ್ಟು ಪುಣೆಗೆ ಬಂದವಳು ದುಡ್ಡು ಕೊಟ್ಟು ಮತ್ತೆ ಅದೇ ಮಳೆ ಕೊಳ್ಳಬೇಕಾ ಅಂತ ನನ್ನ ಪ್ರಶ್ನೆ.

ಊರುಗಳ ಹೆಸರು ಒಂದೊಂದಾಗಿ ಬಿದ್ದವು. ಲೋಣಾವಳಾದಲ್ಲಿ ಶನಿವಾರ, ಭಾನುವಾರ ಅರ್ಧ ಮುಂಬೈ ಬಂದು ಕೂತಿರುತ್ತದೆ. ಹಾಲು ತರಲು ಹೋದವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬೇಕು. ಮಾಥೇರಾನ್ ನಿಜಕ್ಕೂ ಚೆಂದ. ಆದರೆ ಊರೊಳಗೆ ಕಾರು ಬಿಡುವುದಿಲ್ಲ, ನಮ್ಮದು ಹೊರಗಿನ ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ಎಲ್ಲಾ ಕುದುರೆ ಮೇಲೋ ಕೈಗಾಡಿ ಮೇಲೋ ಬರುವ ಊರು. ನನ್ನ ಮಂಡಿ ಒಪ್ಪಲಿಲ್ಲ. ಶಿರಸಿ, ಸಾಗರ ಅಂತ ನಾನೂ ಸುಮ್ನೆ ಹೇಳಿ ನೋಡಿದೆ. ಇಷ್ಟು ವರ್ಷದ ಪರಿಚಯದವರೆಲ್ಲ ಪುಣೆಯಲ್ಲಿದ್ದಾರೆ, ಅಷ್ಟು ದೂರ ಯಾಕೆ ಅಂದರು.

ಕೊನೆಗೆ ಉಳಿದದ್ದು ಮಹಾಬಳೇಶ್ವರ, ಪಂಚಗಣಿ. ಇವರ ಕಣ್ಣು ಮೊದಲಿಂದಲೂ ಅಲ್ಲೇ. ಕೃಷ್ಣಾ ನದಿ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅದೇ ನೀರು ಆಲಮಟ್ಟಿಗೆ ಹೋಗುತ್ತದೆ. "ನಮ್ಮ ಹೊಳಿ ತವರುಮನಿ ಅದು, ಅಲ್ಲಿರೂದು ಬ್ಯಾಡ ಅಂದ್ರ ಹ್ಯಾಂಗ?" ಅಂತ ವಾದ.

ಆಯ್ತು, ಆದರೆ ಮನೆ ನೋಡೋದು ಜುಲೈಯಲ್ಲಿ ಅಂತ ಷರತ್ತು ಹಾಕಿದೆ. ನಾವು ಅಲ್ಲಿಗೆ ಹೋಗಿದ್ದೆಲ್ಲ ಮೇ ತಿಂಗಳಲ್ಲಿ, ಸ್ಟ್ರಾಬೆರಿ ಕ್ರೀಮ್ ತಿನ್ನಲು. ಅದನ್ನು ನೋಡಿ ಮನೆ ಕೊಳ್ಳುವುದು ಅಂದರೆ ಮದುವೆ ಊಟ ಉಂಡು ಆ ಮನೆಯ ದಿನದ ಅಡುಗೆ ಹೇಗಿರುತ್ತೆ ಅಂತ ಹೇಳಿದ ಹಾಗೆ.

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಫ್ಲಾಟ್‌ನಿಂದ ಬೆಳಗ್ಗೆ ಬೇಗ ಹೊರಟೆವು. ಖಂಬಾಟ್ಕಿ ಘಾಟ್ ದಾಟಿ ವಾಯಿ ಕಡೆ ತಿರುಗುವವರೆಗೂ ಬರೀ ತುಂತುರು. ಪಸರ್ಣಿ ಘಾಟ್ ಹತ್ತುವಾಗ ಅರ್ಧದಲ್ಲೇ ಮೋಡದ ಒಳಗೆ ಹೊಕ್ಕೆವು. ಮೇಲೆ ಪಂಚಗಣಿಯಲ್ಲಿ ಹಗಲಿನಲ್ಲೇ ಗಾಡಿಗಳ ಹೆಡ್‌ಲೈಟ್. ಇವರ ಮುಖ ಮಾತ್ರ ಅರಳಿತ್ತು.

ಏಜೆಂಟ್ ತೋರಿಸಿದ ಬಂಗಲೆಗೆ ದೊಡ್ಡ ಕಿಟಕಿ. ಕಣಿವೆ ಪೂರ್ತಿ ಕಾಣುತ್ತೆ ಅಂದ. ಆಚೆ ನೋಡಿದರೆ ಬಿಳಿ ಪಂಚೆ ಕಟ್ಟಿದ ಹಾಗೆ, ಏನೂ ಇಲ್ಲ. ನಾನು ಕಿಟಕಿ ಬಿಟ್ಟು ಮಲಗುವ ಕೋಣೆಯ ಕಪಾಟು ತೆಗೆದೆ. ಒಳಗಿನ ಪ್ಲೈವುಡ್ ಉಬ್ಬಿತ್ತು. ಮೂಲೆಯಲ್ಲಿ ಯಾರೋ ಬಿಟ್ಟುಹೋದ ಜೊತೆ ಬೂಟು, ಅದರ ಮೇಲೆ ಹಸಿರು ಬೂಸ್ಟು ವೆಲ್ವೆಟ್ ಬಟ್ಟೆಯಷ್ಟು ದಪ್ಪ. "ಬಣ್ಣ ಹೊಡೆಸಿದರೆ ಹೋಗುತ್ತೆ ತಾಯಿ" ಅಂದ ಏಜೆಂಟ್. ಬೂಟಿಗಾ ಅಂತ ಕೇಳಬೇಕು ಅನಿಸಿತು, ಬಿಟ್ಟೆ.

ಹಾಗಿದ್ದರೆ ಪ್ಲಾಟ್ ತೊಗೊಂಡು ನೀವೇ ಕಟ್ಟಿ ಅಂತ ಅವನ ಮುಂದಿನ ಮಾತು. ಮಹಾಬಳೇಶ್ವರ, ಪಂಚಗಣಿ ಭಾಗ 2001ರಿಂದ ಪರಿಸರ ಸೂಕ್ಷ್ಮ ವಲಯ. ಮರ ಕಡಿಯಲು, ಕಟ್ಟಲು ನೂರೆಂಟು ನಿರ್ಬಂಧ. ಇನ್ನು ಮಹಾರಾಷ್ಟ್ರದಲ್ಲಿ ರೈತರಲ್ಲದವರು ಸಾಗುವಳಿ ಜಮೀನು ಸುಮ್ಮನೆ ಕೊಳ್ಳುವ ಹಾಗಿಲ್ಲ. ಈ ವಯಸ್ಸಿನಲ್ಲಿ ಕಚೇರಿ ಅಲೆಯುವ ಕೆಲಸ ನಮ್ಮದಲ್ಲ.

ಟೀ ಪುಡಿ ನೆಪದಲ್ಲಿ ಒಂದು ಕಿರಾಣಿ ಅಂಗಡಿಗೆ ಹೋದೆ. ನನಗೆ ಬೇಕಾದ ಮಾಹಿತಿ ಸಿಕ್ಕಿದ್ದು ಅಲ್ಲಿ. ಅಂಗಡಿಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಿಸ್ಕತ್ತಿನ ಗಾಜಿನ ಕಪಾಟಿನೊಳಗೆ ಹಗಲೂ ಬಲ್ಬ್ ಉರಿಸಿಟ್ಟಿದ್ದರು, ಥಂಡಿ ತಟ್ಟಬಾರದು ಅಂತ. ಕಡ್ಡಿಪೆಟ್ಟಿಗೆಗಳೆಲ್ಲ ಮುಚ್ಚಳದ ಡಬ್ಬಿಯಲ್ಲಿ. ಬಟ್ಟೆ ಹೇಗೆ ಒಣಗಿಸ್ತೀರಿ ಅಂದೆ. ಅವರು ನಕ್ಕರು. ಇಲ್ಲಿ ಪರವಾಗಿಲ್ಲ, ಮಹಾಬಳೇಶ್ವರದವರನ್ನು ಕೇಳಿ ಅಂದರು.

ಮಾತು ನಿಜ. ಪಂಚಗಣಿಯಿಂದ ಮಹಾಬಳೇಶ್ವರ ಬರೀ 19 ಕಿಲೋಮೀಟರ್. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೇಲೆ ಸುರಿಯುತ್ತದೆ, ಇಲ್ಲಿ ಅದರ ಅರ್ಧವೂ ಇಲ್ಲ. ಮಹಾಬಳೇಶ್ವರದಲ್ಲಿ ಬೇಸಿಗೆ ಕಳೆಯುತ್ತಿದ್ದ ಬ್ರಿಟಿಷರೇ ಮಳೆಗಾಲಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ವರ್ಷಪೂರ್ತಿ ಇರಲು ಆಗುವ ಜಾಗ ಬೇಕು ಅಂತ 1860ರ ದಶಕದಲ್ಲಿ ಜಾನ್ ಚೆಸನ್ ಪಂಚಗಣಿಯನ್ನು ಬೆಳೆಸಿದ್ದು. ಇಷ್ಟೊಂದು ಬೋರ್ಡಿಂಗ್ ಶಾಲೆಗಳು ಇಲ್ಲೇ ಯಾಕೆ ಬಂದವು ಅನ್ನುವುದಕ್ಕೂ ಈ ಹವೆಯೇ ಕಾರಣ.

ಹಾಗೆ ನೋಡಿದರೆ ಇನ್ನೂ ಸ್ವಲ್ಪ ಕೆಳಗೆ ಇಳಿದರೆ ಇನ್ನೂ ವಾಸಿ ಅಲ್ವಾ? ಊಟಕ್ಕೆ ವಾಯಿಗೆ ಇಳಿದಾಗ ನಾನು ಅದನ್ನೇ ಹೇಳಿದೆ. ಪಶ್ಚಿಮದಿಂದ ಬರುವ ಮೋಡ ಮೇಲಿನ ಬೆಟ್ಟದಲ್ಲೇ ಖಾಲಿಯಾಗಿ ವಾಯಿಗೆ ಬರುವಷ್ಟರಲ್ಲಿ ಹಗುರಾಗಿರುತ್ತದೆ. ಒಂದು ಮನೆಯ ಮಾಳಿಗೆ ಮೇಲೆ ಸೀರೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಜುಲೈಯಲ್ಲಿ! ಪೇಟೆ ಇದೆ, ಬಸ್ ಸ್ಟ್ಯಾಂಡ್ ಇದೆ, ಡಾಕ್ಟರ ಬೋರ್ಡುಗಳು ಸಾಲಾಗಿವೆ. ಮರಾಠಿ ವಿಶ್ವಕೋಶದ ಕಚೇರಿ ಇರುವುದೂ ಇದೇ ಊರಲ್ಲಿ, ಓದುವ ಚಟದ ಇವರಿಗೆ ಅದೊಂದು ಆಸೆ ತೋರಿಸಿದೆ. ಮತ್ತೆ ಕೃಷ್ಣೆ? ಘಾಟಿನ ಮೆಟ್ಟಿಲು ಮುಟ್ಟಿಕೊಂಡೇ ಕೆಂಪಗೆ ಹರಿಯುತ್ತಿದ್ದಳು.

"ಇದು ಬೆಟ್ಟ ಅಲ್ಲ, ಬೆಟ್ಟದ ಬುಡ" ಅಂದರು ಇವರು, ಢೋಲ್ಯಾ ಗಣಪತಿಗೆ ಕೈ ಮುಗಿಯುತ್ತಲೇ.

"ಮಂಜು ಬೇಕು ಅನಿಸಿದ ದಿನ ಬಸ್ ಹತ್ತಿ ರೀ. ಪಂಚಗಣಿ ಇಲ್ಲೇ 12 ಕಿಲೋಮೀಟರ್. ನೋಡ್ಕೊಂಡು ಸಂಜೆ ಒಣಗಿದ ಹಾಸಿಗೆಗೆ ಬನ್ನಿ."

ಆ ಗುಡಿಯ ಹಿಂದಿನ ಗೋಡೆಯನ್ನು, ಏರಿ ಬಂದ ಹೊಳೆ ನೀರನ್ನು ಸೀಳಲಿ ಅಂತ ಮೂತಿಯ ಹಾಗೆ ಚೂಪಾಗಿ ಕಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಹೊಳೆ ದಂಡೆಯ ಮನೆ ಬೇಡ ಅಂತ ಇವರೇ ಅಂದರು. ಮೇಲೆ ಧೋಮ್ ಅಣೆಕಟ್ಟಿದೆ, ಅಲ್ಲಿ ನೀರು ಬಿಟ್ಟರೆ ಎಲ್ಲಿಯವರೆಗೆ ಏರುತ್ತೆ ಅಂತ ಹೂ ಮಾರುವವಳನ್ನು, ರಿಕ್ಷಾದವನನ್ನು ಕೇಳಿಕೊಂಡೆವು. ಎಂಜಿನಿಯರ್ ಬುದ್ಧಿ ಎಲ್ಲಿ ಹೋಗಬೇಕು, ಇವರು ಮೆಟ್ಟಿಲು ಎಣಿಸಿ ಬರೆದುಕೊಂಡರು.

ಈಗ ಪೇಟೆಯಿಂದ ಆಚೆ ಎತ್ತರದಲ್ಲಿ ಒಂದು ಮೊದಲ ಮಹಡಿ ಮನೆ ನೋಡಿದ್ದೇವೆ. ಬಾಡಿಗೆಗೆ, 11 ತಿಂಗಳ ಕರಾರು, ಬರುವ ಜೂನ್‌ನಿಂದ. ಎಲ್ಲರೂ ದೀಪಾವಳಿ ಮುಗಿಸಿ ಬರ್ತಾರೆ, ನೀವ್ಯಾಕೆ ಮಳೆಗೇ ಬರ್ತೀರಿ ಅಂತ ಮಾಲೀಕರಿಗೆ ಆಶ್ಚರ್ಯ. ಇವರ ಷರತ್ತು ಒಂದೇ, ಅವರ ಕುರ್ಚಿ ಬೆಟ್ಟ ಕಾಣುವ ಬಾಲ್ಕನಿಯಲ್ಲಿ ಇರಬೇಕು. ಕೋಥ್ರೂಡ್ ಫ್ಲಾಟ್ ಮಾರುವ ಮಾತು ಒಂದು ಪೂರ್ತಿ ವರ್ಷ ಕಳೆದ ಮೇಲೆ ಅಂತ ನಾನು. ದಸರಾಕ್ಕೇ ಮಾರಿಬಿಡೋಣ ಅಂತ ಇವರು.