ಭಾಗಿಸದೆಯೇ ಹೇಗೆ ಗೊತ್ತಾಯಿತು?

ಅವಿಭಾಜ್ಯ ಸಂಖ್ಯೆಗಳ ಮಾತು ಬಂದಾಗೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಯಾವುದರಿಂದ ಭಾಗವಾಗುತ್ತೆ ಅಂತ ನಿಮಗೇ ಗೊತ್ತಿಲ್ಲ. ಆದರೂ ಅದು ಅವಿಭಾಜ್ಯ ಅಲ್ಲ ಅಂತೀರಲ್ಲ, ಹೇಗೆ?"

ಕೇಳಬೇಕಾದ ಪ್ರಶ್ನೆಯೇ. 91ನ್ನು ತೆಗೆದುಕೊಳ್ಳಿ. ಹತ್ತರವರೆಗಿನ ಮಗ್ಗಿಯಲ್ಲಿ ಎಲ್ಲೂ ಸಿಗದ ಸಂಖ್ಯೆ, ನೋಡಿದರೆ ಅವಿಭಾಜ್ಯ ಅನ್ನಿಸುತ್ತದೆ. ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಕಂಡುಕೊಂಡ ಒಂದು ನಿಯಮವಿದೆ. 91 ಅವಿಭಾಜ್ಯವೇ ಆಗಿದ್ದರೆ, 2ರ 90ನೇ ಘಾತವನ್ನು 91ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಲೆಕ್ಕ ಹಾಕೋಣ. 2ರ 12ನೇ ಘಾತ 4096. ಅಂದರೆ 45 ಸಲ 91, ಮೇಲೆ 1. ಹಾಗಾಗಿ ಪ್ರತಿ 12 ಹೆಜ್ಜೆಗೂ ಶೇಷ 1ಕ್ಕೆ ವಾಪಸ್ ಬರುತ್ತದೆ. ಏಳು ಸುತ್ತಿಗೆ 84 ಆಯಿತು, ಉಳಿದದ್ದು 6. 2ರ 6ನೇ ಘಾತ 64. ಬರಬೇಕಿದ್ದದ್ದು 1, ಬಂದದ್ದು 64. ಅಲ್ಲಿಗೆ 91 ಅವಿಭಾಜ್ಯ ಅಲ್ಲ. ಅದರ ಭಾಜಕಗಳಾದ 7 ಮತ್ತು 13ರ ಹೆಸರನ್ನೇ ಎತ್ತಲಿಲ್ಲ, ನೋಡಿ!

ಇದರಲ್ಲೂ ಒಂದು ತಕರಾರಿದೆ. 2ರ ಬದಲು 3 ಹಿಡಿದಿದ್ದರೆ ಶೇಷ ಸರಿಯಾಗಿ 1 ಬಂದು ನಾವು ಬೇಸ್ತು ಬೀಳುತ್ತಿದ್ದೆವು. ಶೇಷ 1 ಬರದಿದ್ದರೆ ತೀರ್ಪು ಖಚಿತ. ಬಂದರೆ ಏನೂ ಹೇಳುವಂತಿಲ್ಲ.

ಈಗ ದೊಡ್ಡದಕ್ಕೆ ಬರೋಣ: 147573952589676412927. 2ರ 67ನೇ ಘಾತದಲ್ಲಿ 1 ಕಳೆದರೆ ಬರುವ 21 ಅಂಕಿಯ ಸಂಖ್ಯೆ ಇದು. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಪಾದ್ರಿ ಮೆರ್ಸೆನ್ ಬರೆದಿಟ್ಟ. ಅಲ್ಲ ಅಂತ 1876ರಲ್ಲಿ ಅದೇ ದೇಶದ ಗಣಿತಜ್ಞ ಲ್ಯೂಕಾ ತೋರಿಸಿದ. ಅವನ ದಾರಿ ಬೇರೆ. ಈ ಸಂಖ್ಯೆಗೆ ಮೇಲಿನ 2ರ ಪರೀಕ್ಷೆ ನಡೆಯುವುದೇ ಇಲ್ಲ, ಶೇಷ 1 ಬಂದುಬಿಡುತ್ತದೆ. ಆದರೆ ಅವನಿಗೂ ಭಾಜಕ ಸಿಕ್ಕಿರಲಿಲ್ಲ.

ಸಿಕ್ಕಿದ್ದು 1903ರಲ್ಲಿ. ಅಮೆರಿಕದ ಗಣಿತಜ್ಞರ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅವರು 193707721 ಮತ್ತು 761838257287 ಇವೆರಡನ್ನು ಬೋರ್ಡಿನ ಮೇಲೆ ಗುಣಿಸಿ ತೋರಿಸಿದರಂತೆ. ಒಂದು ಮಾತೂ ಆಡಲಿಲ್ಲ ಅನ್ನುವುದು ಕಥೆ. ಆ ಗುಣಾಕಾರವನ್ನು ನಾನೂ ಸುಮ್ನೆ ಒಂದು ಸಲ ತಾಳೆ ನೋಡಿದೆ. ಗುಣಾಕಾರ ಸರಿಯಿದ್ದರೆ, ಅಂಕಿಗಳನ್ನು ಕೂಡುತ್ತಾ ಒಂದೇ ಅಂಕಿಗೆ ಇಳಿಸಿದಾಗಲೂ ಅದು ತಾಳೆಯಾಗಬೇಕು. ಮೊದಲನೆಯದರ ಅಂಕಿಗಳನ್ನು ಕೂಡಿದರೆ 37, ಅಂದರೆ 10, ಅಂದರೆ 1. ಎರಡನೆಯದು 64, ಅದೂ 1. ದೊಡ್ಡ ಸಂಖ್ಯೆಯದು 109, ಅದೂ 1. ಒಂದೊಂದ್ಲ ಒಂದು. ಪುರಾವೆ ಅಲ್ಲ ಬಿಡಿ, ಆದರೂ ಖುಷಿಯಾಯಿತು.

"ಈಗ ಕಂಪ್ಯೂಟರ್ ಇದೆಯಲ್ಲ, ಭಾಜಕ ಹುಡುಕೋದೂ ಸುಲಭ ಅಲ್ವಾ?" ಅನ್ನುವುದು ಮುಂದಿನ ಪ್ರಶ್ನೆ. ಅಲ್ಲ. ಗುಪ್ತಲಿಪಿಯವರು ಸವಾಲಾಗಿ ಇಟ್ಟಿದ್ದ 250 ಅಂಕಿಯ ಒಂದು ಸಂಖ್ಯೆಯನ್ನು ಒಡೆಯಲು 2020 ಬರಬೇಕಾಯಿತು, ಅದೂ ಸಾಲುಸಾಲು ಯಂತ್ರಗಳನ್ನು ದುಡಿಸಿ. ಅದೇ ಸವಾಲಿನ ಪಟ್ಟಿಯಲ್ಲಿ ಆರ್‌ಎಸ್‌ಎ-2048 ಎಂಬ 617 ಅಂಕಿಯ ಸಂಖ್ಯೆಯೂ ಇದೆ. ಅದು ಅವಿಭಾಜ್ಯ ಅಲ್ಲ ಅಂತ ನನ್ನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಅದರ ಭಾಜಕಗಳನ್ನು ಮಾತ್ರ ಇದುವರೆಗೆ ಯಾರೂ ಕಂಡುಹಿಡಿದು ತೋರಿಸಿಲ್ಲ.