ಕೀಬೋರ್ಡ್ ಗುಂಯ್ ಅಂದರೆ ಮೊದಲೇ ಸ್ಕ್ರೂ ಬಿಚ್ಚಬೇಡಿ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ರಿಪೇರಿ ಅಂಗಡಿಗಳಿಗೆ ಹಾಡಿಗೆ ನುಡಿಸುವ ಕೀಬೋರ್ಡ್‌ಗಳು ಒಂದರ ಹಿಂದೊಂದು ಬರುತ್ತವೆ. "ಸರ, ಗುಂಯ್ ಅಂತ ಸೌಂಡ್ ಬರಾಕತ್ತೈತ್ರಿ" ಅನ್ನುವ ದೂರಿನಲ್ಲಿ ಎಷ್ಟೋ ಸಲ ಕೀಬೋರ್ಡ್‌ನದೇನೂ ತಪ್ಪಿರುವುದಿಲ್ಲ. ಎಲ್ಲ ವೈರ್ ಕಿತ್ತು, ಹೊಸ ಬ್ಯಾಟರಿ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿ. ಗುಂಯ್ ಸದ್ದು ಇಲ್ಲವೆಂದರೆ ತಪ್ಪು ಹೊರಗಿನದು, ಸ್ಕ್ರೂ ಡ್ರೈವರ್ ಎತ್ತಿಡಿ.

ಈಗ ಅಡಾಪ್ಟರ್ ಒಂದನ್ನೇ ಚುಚ್ಚಿ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ 100 ಹರ್ಟ್ಸ್‌ನ ದಪ್ಪ ಗುಂಯ್ ಬರುತ್ತದೆ. ಮೊಬೈಲ್ ಚಾರ್ಜರ್‌ನಂಥ ಹಗುರ, ಅಗ್ಗದ ಎಸ್‌ಎಂಪಿಎಸ್ ಅಡಾಪ್ಟರ್ ಆದರೆ ಸಣ್ಣ ಸಿಳ್ಳು. ರಿಪಲ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ, ನೋಡಲು ಮಲ್ಟಿಮೀಟರನ್ನು ಎಸಿಗೆ ಇಟ್ಟು ನೇರ ಹಿಡಿಯಬೇಡಿ. ಅಗ್ಗದ ಮೀಟರ್‌ಗಳು ಡಿಸಿಯನ್ನೇ ಎಸಿ ಎಂದು ತೋರಿಸಿ ದಾರಿ ತಪ್ಪಿಸುತ್ತವೆ. ಒಳ್ಳೆಯ ಅಡಾಪ್ಟರ್ ಹಾಕಿ ನೋಡುವುದೇ ಸುಲಭ, ಆದರೆ ಪಿನ್ನಿನ ಪೋಲಾರಿಟಿ (ಪ್ಲಸ್-ಮೈನಸ್ ಯಾವ ಕಡೆ) ಓದಿ: ಯಮಹಾದ 12 ವೋಲ್ಟ್‌ನದಕ್ಕೆ ನಡುವೆ ಪ್ಲಸ್, ಕ್ಯಾಸಿಯೋದ ಹಳೆಯ 9 ವೋಲ್ಟ್ ಎಡಿ-5ಕ್ಕೆ ನಡುವೆ ಮೈನಸ್.

ಅಂಗಡಿಯಲ್ಲಿ ಸುಮ್ಮನಿದ್ದದ್ದು ಪೆಂಡಾಲ್‌ನಲ್ಲಿ ಗುಂಯ್‌ಗುಟ್ಟಿದರೆ ಅರ್ಥಿಂಗ್ ನೋಡಿ. ಜ್ಯಾಕ್‌ನ ಲೋಹಕ್ಕೆ ಬೆರಳು ತಾಗಿಸಿದಾಗ ಸದ್ದು ತಗ್ಗಿದರೆ, ಅಥವಾ ಕೈ ಜುಮ್ ಎಂದರೆ, ಮಿಕ್ಸರ್‌ಗೆ ಅರ್ಥ್ ಸಿಕ್ಕಿಲ್ಲವೆಂಬ ಅನುಮಾನ ಇರಲಿ; ಜುಮ್ ಎಂದಲ್ಲಿ ಮತ್ತೆ ಮುಟ್ಟಬೇಡಿ, ಲೈನ್ ಬಂದ್ ಮಾಡಿಸಿ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದ್ದೀರಾ? ಮೌಸ್ ಆಡಿಸಿದಂತೆ ಕಿರ್‌ಕಿರ್ ಬದಲಾದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥ್ ಸೇರಿ ಆದ ಸುತ್ತು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಕಾಯಂ ಪರಿಹಾರಕ್ಕೆ ಕೀಬೋರ್ಡ್‌ಗೂ ಮಿಕ್ಸರ್‌ಗೂ ನಡುವೆ ಡಿಐ ಬಾಕ್ಸ್ ಎಂಬ ಪೆಟ್ಟಿಗೆ ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಚಾಳಿ ನಮ್ಮ ಕಡೆ ಬಹಳ. ಹಾಗೆ ಮಾಡಬೇಡಿ; ಹಾಡುವವನ ತುಟಿ ಮೈಕ್‌ಗೆ ತಾಗಿರುತ್ತದೆ, ಶಾಕ್ ಹೊಡೆಯುವುದು ಅವನಿಗೆ ಎಂಬುದು ನೆನಪಿರಲಿ. ಲೈಟಿನ ಡಿಮ್ಮರ್‌ಗೂ ಸೌಂಡ್‌ಗೂ ಬೇರೆ ಬೇರೆ ಲೈನ್ ಕೇಳಿ.

ಸುಂಯ್ ಎನ್ನುವ ಸಣ್ಣ ಹಿಸ್ ಬೇರೆಯೇ. ಕೀಬೋರ್ಡ್ ವಾಲ್ಯೂಮ್ ಕಾಲುಭಾಗಕ್ಕಿಟ್ಟು ಮಿಕ್ಸರ್‌ನಲ್ಲಿ ಸದ್ದು ಹಿಗ್ಗಿಸುವ ಗೇನ್ ನಾಬ್ ಏರಿಸಿದರೆ ಬರುವಂಥದ್ದು. ಕೀಬೋರ್ಡ್ ಮುಕ್ಕಾಲಿಗೆ ಏರಿಸಿ, ಗೇನ್ ಇಳಿಸಿ.

ಬ್ಯಾಟರಿಯಲ್ಲೂ ಸದ್ದಿದ್ದರೆ ಮಾತ್ರ ಬಿಚ್ಚಿ. ನಾಬ್ ತಿರುಗಿಸುವಾಗಷ್ಟೇ ಚರಚರ ಅಂದರೆ ನಾಬ್ ಕೆಳಗಿನ ವಾಲ್ಯೂಮ್ ಪಾಟ್‌ಗೆ ಎರಿ ಮಣ್ಣಿನ ಧೂಳು ಸೇರಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಪಿಚಕಾರಿ ಬಿಟ್ಟು, ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ, ಆರಿದ ಮೇಲೆ ಆನ್ ಮಾಡಿ. ಜ್ಯಾಕ್ ಅಲುಗಾಡಿಸಿದಾಗ ಬಂದರೆ ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿರಬಹುದು. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದೇ ಹಾಕಿ. ಕಳಚುವ ಮುನ್ನ ಮೈನಸ್ ಪಟ್ಟಿ ಯಾವ ಕಡೆ ಇದೆ ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.